ಗಾಲಿಯ ಜಡ್ಡಿಗೆ ಎದೆಯ ಚಿಕಿತ್ಸೆ

ಮೊನ್ನೆ ಗ್ಯಾಸಿನ ಪುಸ್ತಕ ಹುಡುಕುತ್ತ ಕಪಾಟಿನ ಕೆಳಗಿನ ಖಾನೆಗೆ ಕೈ ಹಾಕಿದೆ. ಪುಸ್ತಕ ಸಿಗಲಿಲ್ಲ, ಒಂದು ಹಸಿರು ಫೈಲು ಸಿಕ್ಕಿತು. ಬಿಚ್ಚಿ ನೋಡಿದರೆ ಅದರೊಳಗೆ ನನ್ನ ಹೃದಯ. ಅಂದರೆ ಹೃದಯದ ನಕ್ಷೆ. ಗುಲಾಬಿ ಬಣ್ಣದ ಚೌಕಳಿ ಕಾಗದದ ಮೇಲೆ ಇರುವೆಯೊಂದು ಮಸಿಯಲ್ಲಿ ಕಾಲದ್ದಿಕೊಂಡು ಏರುತ್ತ ಇಳಿಯುತ್ತ ಹೋದ ಹಾಗೆ. ಕೊನೆಯಲ್ಲಿ ಡಾಕ್ಟರು ತಮ್ಮ ಕೈಯಿಂದ ಬರೆದ ಒಂದು ಸಾಲಿತ್ತು: ಎಲ್ಲವೂ ಸರಿಯಾಗಿದೆ. ನನ್ನ ಬಗ್ಗೆ ಯಾರಾದರೂ ಲಿಖಿತವಾಗಿ ಇಷ್ಟು ಒಳ್ಳೆಯ ಮಾತು ಬರೆದದ್ದು ನಾನು ಬೇರೆಲ್ಲೂ ಕಂಡಿಲ್ಲ. ಹೀಗಾಗಿ ಗ್ಯಾಸಿನ ಪುಸ್ತಕ ಮರೆತು ನೆಲದ ಮೇಲೆ ಕೂತು ಅದನ್ನೇ ಓದಿದೆ.

ಈ ನಕ್ಷೆ ಯಾಕೆ ತೆಗೆಸಬೇಕಾಯಿತು ಎಂಬುದು ಮನೀಶ್ ನಗರದ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ನಿಮಗೂ ನಾನೇ ಹೇಳಿಬಿಡುತ್ತೇನೆ. ಬೇರೆಯವರಿಂದ ಕೇಳಿದರೆ ಖಾರ ಜಾಸ್ತಿ ಬಿದ್ದಿರುತ್ತದೆ. ಮೊದಲ ಮಹಡಿಯವರು ಹೇಳುವ ಕಥೆಯಲ್ಲಿ ನಾನು ಅಳುತ್ತೇನೆ. ನಾನು ಅತ್ತಿರಲಿಲ್ಲ.

ನಾನು ರೈಲ್ವೆಯವನು. ಎರಡೇ ವರ್ಷ, ಆಮೇಲೆ ಹುಬ್ಬಳ್ಳಿಗೆ ವಾಪಸು ಬಂದರಾಯಿತು ಎಂದುಕೊಂಡು ನಾಗಪುರಕ್ಕೆ ಬಂದವನು ಇಲ್ಲೇ ಮುದುಕನಾದೆ. ನನ್ನ ಕೆಲಸ ಏನೆಂದು ಕೇಳಿದವರಿಗೆ ‘ತಪಾಸಣೆ’ ಎನ್ನುತ್ತಿದ್ದೆ. ಅದು ಕೇಳಲಿಕ್ಕೆ ಚೆನ್ನಾಗಿತ್ತು. ನಿಜ ಹೇಳಬೇಕೆಂದರೆ, ನಿಂತ ಗೂಡ್ಸ್ ಗಾಡಿಯ ಪಕ್ಕ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತ ಗಾಲಿ ನೋಡುವುದು, ಅಷ್ಟೇ. ಮೂವತ್ತನಾಲ್ಕು ವರ್ಷ ನಡೆದೆ. ನಡೆದದ್ದನ್ನೆಲ್ಲ ಒಂದೇ ದಿಕ್ಕಿಗೆ ನಡೆದಿದ್ದರೆ ಎಲ್ಲೋ ಸಮುದ್ರ ಸೇರುತ್ತಿದ್ದೆ.

ಗಾಲಿಗೆ ಬರುವ ಜಡ್ಡುಗಳಲ್ಲಿ ನನಗೆ ಬಹಳ ಪ್ರೀತಿಯದು ಬ್ರೇಕ್ ಬೈಂಡಿಂಗ್. ಡ್ರೈವರ್ ಬ್ರೇಕ್ ಬಿಟ್ಟಿರುತ್ತಾನೆ, ಆದರೆ ಒಂದು ಡಬ್ಬಿಯ ಬ್ರೇಕು ಮಾತ್ರ ಬಿಡದೆ ಗಾಲಿಯನ್ನು ಕಚ್ಚಿಕೊಂಡೇ ಇರುತ್ತದೆ. ಇಂಜಿನ್ನು ಎಳೆಯುತ್ತದೆ, ಗಾಲಿ ತಿಕ್ಕಿಕೊಳ್ಳುತ್ತ ತಿರುಗುತ್ತದೆ, ಕಾಯುತ್ತದೆ. ಅದನ್ನು ಹಿಡಿಯುವ ವಿದ್ಯೆ ಪುಸ್ತಕದಲ್ಲಿಲ್ಲ. ಗಾಡಿ ಬಂದು ನಿಂತ ಕೂಡಲೇ ಮೂಗಿಗೆ ಸುಟ್ಟ ವಾಸನೆ ಬರಬೇಕು, ಕೈ ಗಾಲಿಯ ಹತ್ತಿರ ಹೋದರೆ ಬಿಸಿ ತಾಗಬೇಕು. ನಾನು ಎರಡು ಹಳಿ ಆಚೆಯಿಂದಲೇ ‘ಹದಿನೇಳನೇ ಡಬ್ಬಿ’ ಎಂದು ಹೇಳುತ್ತಿದ್ದೆ. ಒಮ್ಮೊಮ್ಮೆ ಅದು ಹದಿನೆಂಟನೆಯದಾಗಿರುತ್ತಿತ್ತು, ಆ ಮಾತು ಬೇರೆ. ನಿವೃತ್ತನಾದ ಮೇಲೂ ಈ ವಿದ್ಯೆಯ ಬಗ್ಗೆ ಮಾತಾಡುವುದು ನಿಲ್ಲಲಿಲ್ಲ. ಮದುವೆಮನೆಯಲ್ಲಿ ನನ್ನ ಪಕ್ಕ ಊಟಕ್ಕೆ ಕೂತವರು ಹೋಳಿಗೆ ಬರುವುದರೊಳಗೆ ಬ್ರೇಕ್ ಬೈಂಡಿಂಗ್ ಕಲಿತಿರುತ್ತಿದ್ದರು.

ನಿವೃತ್ತಿಯ ದಿನ ಗೋಡೆ ಗಡಿಯಾರ ಕೊಡುವುದು ನಮ್ಮಲ್ಲಿ ಪದ್ಧತಿ. ಆ ವರ್ಷ ಯಾಕೋ ಎಲ್ಲರಿಗೂ ಆರೋಗ್ಯದ ಹುಚ್ಚು ಹಿಡಿದಿತ್ತು. ನನಗೆ ಒಂದು ಗೇರಿನ ಸೈಕಲ್ಲು ಕೊಟ್ಟರು. ನಡುವಿನ ದಂಡಿಗೆ ತಗ್ಗಿದ್ದು, ಗಂಡಸರು ಹೆಂಗಸರು ಯಾರು ಬೇಕಾದರೂ ಹತ್ತಬಹುದು. ಮನೆಗೆ ತಂದಾಗ ಹೆಂಡತಿ ನೀಲಾ ಬಾಗಿಲಲ್ಲಿ ನಿಂತು ಸೈಕಲ್ಲನ್ನು ಮೇಲಿಂದ ಕೆಳಗಿನ ತನಕ ನೋಡಿ, “ಚಲೋ ಐತಿ. ಪಾರ್ಕಿಂಗ್‌ನ್ಯಾಗ ಇಡ್ರಿ, ನೆಲ ಹೊಲಸಾಗ್ತದ” ಎಂದು ಒಳಗೆ ಹೋದಳು. ನಾನು ಅದರ ಅರ್ಥ ಅಷ್ಟೇ ಎಂದು ತಿಳಿದೆ.

ಕೆಳಗಿನ ಮನೆಯಲ್ಲಿ ಗಾವಂಡೆ ಕಾಕಾ ಇದ್ದಾರೆ. ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, ಎಪ್ಪತ್ತೆರಡು ವಯಸ್ಸು. ಅವರ ಸೈಕಲ್ಲು ಹಳೆಯ ಕರಿ ಸೈಕಲ್ಲು, ಎತ್ತಲಿಕ್ಕೆ ಇಬ್ಬರು ಬೇಕು. ದಿನಾ ಬೆಳಿಗ್ಗೆ ನಾವಿಬ್ಬರೂ ವರ್ಧಾ ರೋಡಿನ ಮೇಲೆ ಒಂದಿಷ್ಟು ದೂರ ಹೋಗಿ, ಚಹಾ ಕುಡಿದು ಬರುತ್ತಿದ್ದೆವು. ಮೊದಲ ಆರು ತಿಂಗಳು ನಾನೇ ಮುಂದೆ. ಹಿಂದೆ ತಿರುಗಿ “ಕಾಕಾ, ಜಲ್ದಿ” ಎಂದು ಕರೆಯುವ ಸುಖ ನನ್ನದಾಗಿತ್ತು.

ಗಣಪತಿ ಹಬ್ಬ ಮುಗಿದ ಮಾರನೆಯ ದಿನ ಮಂಟಪ ಬಿಚ್ಚಿದವರು ಒಂದು ಬಿದಿರಿನ ಗಳವನ್ನು ರಸ್ತೆಯಲ್ಲೇ ಮಲಗಿಸಿದ್ದರು. ನನ್ನ ಮುಂದಿನ ಗಾಲಿ ಅದರ ಮೇಲೆ ಧಡ್ ಎಂದು ಹತ್ತಿ ಇಳಿಯಿತು. ನಾನು ಬೀಳಲಿಲ್ಲ. ಬೀಳದಿದ್ದ ಮೇಲೆ ಏನೂ ಆಗಿಲ್ಲ ಎಂದೇ ಲೆಕ್ಕ ತಾನೆ? ಧೂಳು ಝಾಡಿಸಿಕೊಂಡು ಮುಂದೆ ಹೋದೆ.

ಅವತ್ತಿನಿಂದ ನನ್ನ ಶಕ್ತಿ ಕುಂದತೊಡಗಿತು.

ಮೊದಲು ಗಾವಂಡೆ ಕಾಕಾ ನನ್ನ ಸಮಕ್ಕೆ ಬಂದರು. ಆಮೇಲೆ ಮುಂದೆ ಹೋದರು. ಆಮೇಲೆ ಮುಂದೆ ಹೋಗಿ, ಚಹಾ ಹೇಳಿ, ಕುಡಿದು, ನನ್ನ ಚಹಾ ಆರುತ್ತಿದೆ ಎಂದು ಅದನ್ನೂ ಕುಡಿದು ಕಾಯತೊಡಗಿದರು. ಶಾಲೆಗೆ ಹೋಗುವ ಹುಡುಗಿಯರು ಬೆನ್ನ ಮೇಲೆ ಹತ್ತು ಸೇರಿನ ಚೀಲ ಹೊತ್ತು, ಮಾತಾಡುತ್ತ, ನನ್ನ ಕಡೆ ನೋಡದೆ ದಾಟಿ ಹೋದರು. ಒಂದು ದಿನ ಬಾಳೆಹಣ್ಣಿನ ಗಾಡಿ ದಾಟಿತು. ತಳ್ಳುಗಾಡಿ, ಸ್ವಾಮಿ. ತಳ್ಳುವವನು ಒಂದು ಕೈಯಲ್ಲಿ ಫೋನು ಹಿಡಿದಿದ್ದ.

ಇದಕ್ಕಿಂತ ಹೆಚ್ಚು ಹೆದರಿಸಿದ್ದು ಸಪ್ಪಳ. ಪೆಡಲು ತುಳಿದ ಹಾಗೆಲ್ಲ ಎಲ್ಲಿಂದಲೋ ‘ಸುಂಯ್... ಸುಂಯ್...’ ಎಂದು ಕೇಳುತ್ತಿತ್ತು. ಜೋರಾಗಿ ತುಳಿದರೆ ಸುಂಯ್‌ಸುಂಯ್‌ಸುಂಯ್. ನಿಲ್ಲಿಸಿದರೆ ನಿಲ್ಲುತ್ತಿತ್ತು. ನಾನು ಒಂದು ಕೈಯಿಂದ ಎದೆ ಹಿಡಿದುಕೊಂಡೆ. ನಮ್ಮ ಸೋದರಮಾವನಿಗೆ ಗೂರಲಿನ ಉಬ್ಬಸ ಇತ್ತು, ಹೀಗೇ ಸಪ್ಪಳ. ಎದೆಯ ಒಳಗೆ ಏನೋ ಬಿರುಕು ಬಿಟ್ಟಿದೆ, ಗಾಳಿ ಅಲ್ಲಿಂದ ಸೋರುತ್ತಿದೆ ಎಂದು ನನಗೆ ಖಾತ್ರಿಯಾಯಿತು.

ನೀಲಾಗೆ ಹೇಳಿದೆ. “ಮಲಗಿದಾಗ ನಿಮ್ಮ ಮೂಗು ಸಪ್ಪಳ ಮಾಡ್ತದ, ಎದಿ ಅಲ್ಲ” ಎಂದಳು. ಆದರೂ ಹೆದರಿಕೆಯಾಗಿರಬೇಕು; ಅವಳೇ ಫೋನು ಮಾಡಿ ರಾಮದಾಸಪೇಠಿನ ಹೃದಯದ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಳು. ಹತ್ತು ದಿನದ ನಂತರ ಬರಲಿಕ್ಕೆ ಹೇಳಿದರು.

ಹತ್ತು ದಿನ ಕೆಟ್ಟದ್ದು. ಎರಡು ದಿನವಾಗಿದ್ದರೆ ಹೆದರುವುದರಲ್ಲೇ ಕಳೆದುಹೋಗುತ್ತಿತ್ತು. ಹತ್ತು ದಿನ ಸಿಕ್ಕರೆ ಮನುಷ್ಯ ಒಳ್ಳೆಯವನಾಗಲಿಕ್ಕೆ ಹೊರಡುತ್ತಾನೆ.

ನಾನು ಮೊದಲು ಗಾವಂಡೆ ಕಾಕಾರ ಹತ್ತಿರ ಹೋದೆ. ಅವರ ಮರಾಠಿ ಪೇಪರು ಬೆಳಿಗ್ಗೆ ಗೇಟಿನಲ್ಲಿ ಬೀಳುತ್ತದೆ. ಅದನ್ನು ಆರು ವರ್ಷದಿಂದ ನಾನೇ ಮೊದಲು ಮೇಲೆ ತಂದು, ಚಹಾದ ಜೊತೆ ಪೂರ್ತಿ ಓದಿ, ಮಡಿಕೆಗೆ ಮಡಿಕೆ ಕೂಡಿಸಿ ಅವರ ಬಾಗಿಲಲ್ಲಿ ಇಟ್ಟು ಬರುತ್ತಿದ್ದೆ. ಪೇಪರು ತಡವಾಗಿ ಬರುತ್ತದೆ ಎಂದು ಕಾಕಾ ಅಷ್ಟರೊಳಗೆ ಮೂವರು ಪೇಪರಿನವರನ್ನು ಬಿಡಿಸಿದ್ದರು. ಒಬ್ಬನಿಗಂತೂ ಡ್ರಿಲ್ ಮಾಸ್ತರರ ಭಾಷೆಯಲ್ಲಿ ಬೈದಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದೆ, ಕಂಕುಳಲ್ಲಿ ಅದೇ ಪೇಪರು ಇತ್ತು.

ಎಲ್ಲ ಹೇಳಿ, “ಕಾಕಾ, ಮಾಫ್ ಮಾಡ್ರಿ, ನಾ ಇನ್ನ ಭಾಳ ದಿನ ಇರಂಗಿಲ್ಲ” ಎನ್ನುವುದನ್ನು ನನ್ನ ಮರಾಠಿಯಲ್ಲಿ ಹೇಳಿದೆ. ನನ್ನ ಮರಾಠಿಯಲ್ಲಿ ಅದು ‘ನಾನು ಬೇರೆ ಊರಿಗೆ ಹೋಗುತ್ತೇನೆ’ ಎಂದು ಕೇಳಿಸಿತೋ ಏನೋ.

“ವಾಚಾ,” ಎಂದರು ಕಾಕಾ, “ಪಣ್ ಚಹಾಚೇ ಡಾಗ್ ಪಾಡೂ ನಕಾ.” ಓದಿರಿ, ಆದರೆ ಚಹಾದ ಕಲೆ ಮಾಡಬೇಡಿರಿ. ಅಷ್ಟು ಹೇಳಿ ಬಾಗಿಲು ಹಾಕಿಕೊಂಡು ಎರಡು ದಿನ ಮಾತು ಬಿಟ್ಟರು.

ಎರಡನೆಯದು ಭಾರಿ ಕೆಲಸ. ಅದು ನೀಲಾಗೆ ಸಂಬಂಧಿಸಿದ್ದು.

ನನ್ನ ಮಾವ ಬೆಟಗೇರಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಹದಿನಾಲ್ಕು ಸೈಕಲ್ಲು, ಜೊತೆಗೆ ರಿಪೇರಿ. ಊರಲ್ಲಿ ಅವರಿಗೆ ಸೈಕಲ್ ಸಂಗಪ್ಪ ಎಂದೇ ಹೆಸರು. ಮದುವೆಯಾಗಿ ತಿಂಗಳಾಗಿರಲಿಲ್ಲ, ನಾಗಪುರದ ರೈಲ್ವೆ ಕ್ವಾರ್ಟರ್ಸಿಗೆ ನಮ್ಮ ಸಾಹೇಬರು ಹೆಂಡತಿಯ ಜೊತೆ ಚಹಾಕ್ಕೆ ಬಂದರು. ಮಾವನವರು ಏನು ಮಾಡುತ್ತಾರೆ ಎಂದು ಕೇಳಿದರು. ನೀಲಾ ಚಹಾದ ತಾಟು ಹಿಡಿದು ಅಲ್ಲೇ ನಿಂತಿದ್ದಳು. ನಾನು, “ಆಟೋಮೊಬೈಲ್ ಲೈನಿನಲ್ಲಿದ್ದಾರೆ” ಎಂದೆ.

ನೀಲಾ ಕಪ್ಪುಗಳನ್ನು ಇಟ್ಟು ಒಳಗೆ ಹೋದಳು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆ ಕಾಲದಲ್ಲಿ ಸ್ಕೂಟರಿಗೆ ವರ್ಷಗಟ್ಟಲೆ ಪಾಳಿ. ಸಾಹೇಬರು ಮರುದಿನ ನನ್ನನ್ನು ಕರೆದು ಹೆಗಲ ಮೇಲೆ ಕೈ ಹಾಕಿ, ಮಾವನವರಿಗೆ ಹೇಳಿ ಒಂದು ಸ್ಕೂಟರು ಬೇಗ ಕೊಡಿಸು ಎಂದರು. ಎರಡು ವರ್ಷ ನಾನು ಅವರನ್ನು ಕಂಡರೆ ಗೂಡ್ಸ್ ಗಾಡಿಯ ಕೆಳಗೆ ನುಸುಳಿ ಆ ಕಡೆ ಹೋಗುತ್ತಿದ್ದೆ. ‘ಎಂಥ ಶ್ರದ್ಧೆಯ ತಪಾಸಣೆ’ ಎಂದು ಅವರು ವರದಿಯಲ್ಲಿ ಬರೆದರಂತೆ.

ಮಾವ ಒಮ್ಮೆ ನಾಗಪುರಕ್ಕೆ ಬಂದಿದ್ದರು. ನಾಲ್ಕು ದಿನ ಇದ್ದು, ಕ್ವಾರ್ಟರ್ಸಿನಲ್ಲಿ ಎಲ್ಲರ ಸೈಕಲ್ಲು ಕಿರುಗುಟ್ಟುವುದನ್ನು ಕೇಳಿಯೂ ಒಂದನ್ನೂ ಮುಟ್ಟಲಿಲ್ಲ. ಮಗಳು ಏನೋ ಹೇಳಿರಬೇಕು ಎಂದು ನನಗೆ ಅನಿಸಿತ್ತು. ಕೇಳುವ ಧೈರ್ಯ ಆಗಲಿಲ್ಲ. ಈಗ ಅವರಿಲ್ಲ, ಅಂಗಡಿಯೂ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ನೀಲಾ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹೋಗಿ ಹಿಂದೆ ನಿಂತೆ.

“ನೀಲಾ, ಒಂದ್ ಮಾತು ಹೇಳೋದೈತಿ. ಅವತ್ತು ಸಾಹೇಬ್ರ ಮುಂದ ನಿಮ್ಮಪ್ಪನ ಬಗ್ಗೆ ಆಟೋಮೊಬೈಲ್ ಅಂದಿದ್ದೆ.”

“ಗೊತ್ತೈತಿ. ನಾ ಅಲ್ಲೇ ಇದ್ದೆ.”

“ಹಂಗ ಅನ್ನಬಾರದಿತ್ತು. ನನಗ ಆಗ ನಾಚಿಕಿ ಅನಿಸಿತ್ತು. ಈಗ ಹಂಗ ಅಂದಿದ್ದಕ್ಕ ನಾಚಿಕಿ ಅನಿಸ್ತದ.”

ಅವಳು ನಲ್ಲಿ ನಿಲ್ಲಿಸಿದಳು. “ಮೂವತ್ತೊಂದು ವರ್ಷ ಆತು. ಈಗ್ಯಾಕ ಹೇಳಾಕತ್ತೀರಿ?”

“ಹೇಳಿದ್ರ ಮನಸಿನ ಭಾರ ಇಳೀತದ ಅಂತ.”

“ನಿಮ್ಮ ಭಾರ ಇಳೀತು, ಬರೋಬರ್. ಇಳಿಸಿ ಎಲ್ಲಿ ಇಟ್ರಿ?” ಎಂದಳು. ಉತ್ತರಕ್ಕೆ ಕಾಯದೆ ಮತ್ತೆ ನಲ್ಲಿ ಬಿಟ್ಟು ಬೋಗುಣಿ ತಿಕ್ಕತೊಡಗಿದಳು. ಆ ಬೋಗುಣಿ ಆಗಲೇ ಸ್ವಚ್ಛವಾಗಿತ್ತು. ನಾನು ಗೀಸರಿನ ಸ್ವಿಚ್ಚು ಯಾವುದು, ನೀರಿನ ಮೋಟಾರು ಹೇಗೆ ಹಚ್ಚಬೇಕು ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಬೇಕೆಂದಿದ್ದೆ. ಆ ದಿನ ಬೇಡ ಎನಿಸಿತು.

ಹತ್ತನೆಯ ದಿನ ರಾಮದಾಸಪೇಠಿಗೆ ಹೋದೆವು. ಡಾಕ್ಟರು ಹೆಣ್ಣುಮಗಳು, ಅವರ ವಯಸ್ಸು ನನ್ನ ಸರ್ವಿಸಿನಷ್ಟೂ ಇರಲಿಕ್ಕಿಲ್ಲ. ನನ್ನನ್ನು ಒಂದು ಪಟ್ಟಿಯ ಮೇಲೆ ಓಡಿಸಿದರು. ಎಷ್ಟು ಓಡಿದರೂ ಯಾವ ಊರೂ ಬಾರದ ಯಂತ್ರ ಅದು. ಎದೆಗೆ ತಂತಿ ಅಂಟಿಸಿಕೊಂಡು ಓಡಿದೆ. ಆಶ್ಚರ್ಯ, ದಮ್ಮು ಹತ್ತಲಿಲ್ಲ. ಸುಂಯ್ ಎನ್ನುವ ಸಪ್ಪಳವೂ ಇಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು, ಹಲ್ಲುನೋವು ಡಾಕ್ಟರ ಮುಂದೆ ನಿಂತುಹೋದರೆ ಆಗುತ್ತದಲ್ಲ, ಹಾಗೆ.

“ಮೆಟ್ಟಿಲು ಹತ್ತುವಾಗ ದಮ್ಮು ಬರ್ತದಾ?” ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು.

“ಇಲ್ಲ.”

“ನಡೆಯುವಾಗ?”

“ಇಲ್ಲ. ಸೈಕಲ್ ಮೇಲೆ ಮಾತ್ರ. ಆಗ ಎದೆ ಸುಂಯ್ ಅಂತದ.”

ಅವರು ಪೆನ್ನಿನಿಂದ ಗಲ್ಲ ತಟ್ಟಿಕೊಂಡರು. “ಅಂಕಲ್, ಸೈಕಲ್ಲನ್ನು ಯಾರಿಗಾದರೂ ತೋರಿಸಿದ್ದೀರಾ?”

ನೋಡಿ, ಇಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಗಾಲಿಯ ವಿಷಯದಲ್ಲಿ ಹುಡುಗಿಯೊಬ್ಬಳು ನನಗೆ ಕೇಳುವುದೆಂದರೇನು? ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಾನು ಯಾರು, ಎಲ್ಲಿ ಕೆಲಸ ಮಾಡಿದವನು ಎಂದು ಹೇಳಿದೆ. ಆಮೇಲೆ ಬ್ರೇಕ್ ಬೈಂಡಿಂಗ್ ಎಂದರೆ ಏನು, ಗಾಲಿಯನ್ನು ಬ್ರೇಕು ಕಚ್ಚಿಕೊಂಡರೆ ಇಂಜಿನ್ನಿಗೆ ಹೇಗೆ ವ್ಯರ್ಥ ಶ್ರಮವಾಗುತ್ತದೆ, ಹೇಗೆ ದಮ್ಮು ಕಟ್ಟುತ್ತದೆ, ಎಂಥ ಸಪ್ಪಳ ಬರುತ್ತದೆ ಎಂಬುದನ್ನು ಪೂರ್ತಿಯಾಗಿ ವಿವರಿಸಿದೆ. ಡಾಕ್ಟರು ಗಮನವಿಟ್ಟು ಕೇಳಿದರು. ಮಧ್ಯೆ ಒಮ್ಮೆ ನೀಲಾಳ ಕಡೆ ನೋಡಿದರು. ನೀಲಾ ನನ್ನನ್ನು ನೋಡುತ್ತಿದ್ದಳು. ಅಷ್ಟು ಹೇಳಿ ಮುಗಿಸಿದ ಮೇಲೂ ನನ್ನ ತಲೆಯಲ್ಲಿ ಏನೂ ಹೊಳೆಯಲಿಲ್ಲ. ಕಾಗದದ ಮೇಲೆ ಡಾಕ್ಟರು ಆ ಒಂದು ಸಾಲು ಬರೆದುಕೊಟ್ಟರು.

ಅವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಆಟೋದಲ್ಲಿ ನೀಲಾಗೆ ಹೇಳಿದೆ. ಅವಳು ಹೊರಗೆ ರಸ್ತೆ ನೋಡುತ್ತ, “ನಾಳೆ ಸೈಕಲ್ ಹೊಡೆದು ಬರ್ರಿ. ಬಂದ ಕೂಡ್ಲೆ ನನ್ನ ಕರೀರಿ” ಎಂದಳು.

ಮರುದಿನ ಹೋದೆ. ಗೇಟಿನಿಂದ ಮೂಲೆಯ ಔಷಧಿ ಅಂಗಡಿಯ ತನಕ ಹೋಗಿ ಬರುವಷ್ಟರಲ್ಲಿ ನಾಲಿಗೆ ಹೊರಬಂತು. ಪಾರ್ಕಿಂಗಿನಲ್ಲಿ ಸೈಕಲ್ ನಿಲ್ಲಿಸಿ ಮೆಟ್ಟಿಲ ಮೇಲೆ ಕುಸಿದು, ಕೂಗಿದೆ. ನೀಲಾ ಕಾಯಿಪಲ್ಯೆಗೆ ಹೊರಟಿದ್ದಳು, ಕೈಯಲ್ಲಿ ಚೀಲವಿತ್ತು. ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಸೀದಾ ಸೈಕಲ್ಲಿನ ಹತ್ತಿರ ಹೋದಳು. ಒಂದು ಕೈಯಿಂದ ಹ್ಯಾಂಡಲ್ ಹಿಡಿದು ಮುಂದಿನ ಗಾಲಿಯನ್ನು ನೆಲದಿಂದ ಎತ್ತಿದಳು, ಇನ್ನೊಂದು ಕೈಯಿಂದ ಗಾಲಿ ತಿರುವಿದಳು.

ಗಾಲಿ ಅರ್ಧ ಸುತ್ತು ಬಂದು, ‘ಸುಂಯ್’ ಎಂದು ನಿಂತಿತು.

ನನ್ನ ಎದೆಯ ಸಪ್ಪಳ ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೇಳಿದಾಗ ನನಗೆ ಏನನಿಸಿತು ಎಂದು ಹೇಳಲಾರೆ. ಆತ್ಮ ದೇಹ ಬಿಟ್ಟು ಹೊರಗೆ ನಿಂತು ನೋಡುತ್ತದೆ ಅನ್ನುತ್ತಾರಲ್ಲ, ಸುಮಾರು ಹಾಗೆ.

“ಬರ್ರಿ ಇಲ್ಲಿ, ಮುಟ್ಟಿ ನೋಡ್ರಿ” ಎಂದಳು.

ಮುಟ್ಟಿದೆ. ಗಾಲಿಯ ಅಂಚು ಬೆಚ್ಚಗಿತ್ತು. ಬ್ರೇಕಿನ ರಬ್ಬರು ಎಡಗಡೆ ಒಂದು ಕಡೆ ಅಂಚಿಗೆ ಒತ್ತಿಕೊಂಡು ನಿಂತಿತ್ತು, ಅರ್ಧ ಸವೆದುಹೋಗಿತ್ತು. ಮೂವತ್ತನಾಲ್ಕು ವರ್ಷ ಸರಕಾರ ನನಗೆ ಅನ್ನ ಹಾಕಿದ್ದು ಇದೊಂದು ಕೆಲಸಕ್ಕೆ, ಗಾಲಿ ಮುಟ್ಟಿ ನೋಡುವುದಕ್ಕೆ.

“ನೀವು ಅಂತೀರಲ್ಲ, ಬ್ರೇಕ್ ಬೈಂಡಿಂಗ್,” ಎಂದಳು ನೀಲಾ. “ಅದ.”

ಇಷ್ಟಾದ ಮೇಲಾದರೂ ಸುಮ್ಮನಿರಬೇಕಿತ್ತು. ಆದರೆ ಮಾನ ಎಂಬುದೊಂದು ಇರುತ್ತದೆ. “ಇಷ್ಟs ಏನು, ನಾ ಮಾಡ್ತೀನಿ” ಎಂದು ನಟ್ಟು ತಿರುವುವ ಪಾನಾ ತಂದು ಬ್ರೇಕಿನ ತಂತಿಯನ್ನೇ ಸಡಿಲು ಮಾಡಿದೆ. ರಬ್ಬರುಗಳು ಎರಡೂ ಕಡೆ ದೂರ ಸರಿದವು. ಗಾಲಿ ತಿರುವಿದರೆ ಗಾಳಿಯ ಹಾಗೆ ತಿರುಗಿತು. ನೀಲಾಳ ಕಡೆ ಒಮ್ಮೆ ನೋಡಿ, ಸೈಕಲ್ ಹತ್ತಿ, ಪಾರ್ಕಿಂಗಿನ ಇಳಿಜಾರಿನಲ್ಲಿ ಬಿಟ್ಟೆ. ಎಷ್ಟು ತಿಂಗಳ ನಂತರ ಆ ವೇಗ. ಗೇಟು ಹತ್ತಿರ ಬಂದಾಗ ಬ್ರೇಕು ಹಿಡಿದೆ. ಹಿಡಿಯಲಿಕ್ಕೆ ಬ್ರೇಕು ಉಳಿದಿರಲಿಲ್ಲ. ಹಿಂದಿನ ಬ್ರೇಕು ಇದೆ ಎಂಬುದು ನೆನಪಾಗುವುದರೊಳಗೆ ನಾನು ಗಾವಂಡೆ ಕಾಕಾರ ತುಳಸಿ ಕುಂಡದಲ್ಲಿದ್ದೆ.

ಕುಂಡ ಒಡೆಯಿತು. ತುಳಸಿಗೆ ಏನೂ ಆಗಲಿಲ್ಲ. ಕಾಕಾ ಹೊರಗೆ ಬಂದು ಮಣ್ಣಿನಲ್ಲಿ ಕೂತ ನನ್ನನ್ನು ನೋಡಿ, “ಇದು ಮಾಫಿ ಕೇಳುವ ಮೊದಲಿನದೋ ನಂತರದ್ದೋ?” ಎಂದು ಮರಾಠಿಯಲ್ಲಿ ವಿಚಾರಿಸಿದರು.

ನೀಲಾ ನನ್ನ ಮೊಣಕಾಲು ನೋಡಿ, ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ ಮಾತಾಡಿದಳು. “ಗಾಲಿ ಡೊಂಕಾದ್ರ ಬ್ರೇಕ್ ಯಾಕ ಸಡ್ಲ ಮಾಡ್ತೀರಿ? ಬಾಗಲಾ ಬಡೀತದಂತ ಗ್ವಾಡಿ ಕೆಡವ್ತಾರೇನು?” ಎಂದು ಮೇಲೆ ಹೋದಳು. ಇಳಿದು ಬಂದಾಗ ಅವಳ ಕೈಯಲ್ಲಿ ಬಿಲ್ಲೆಯಷ್ಟಗಲದ, ಸುತ್ತಲೂ ಹಲ್ಲು ಕೊರೆದ ಒಂದು ಕಬ್ಬಿಣದ ತುಂಡು ಇತ್ತು. ಗಾಲಿಯ ಕಡ್ಡಿ ತಿರುವುವ ಚಾವಿ. ಹೊಲಿಗೆ ಮಶೀನಿನ ಖಾನೆಯಲ್ಲಿ ದಾರದುಂಡೆಗಳ ಕೆಳಗೆ ಇತ್ತಂತೆ.

“ಇದು ಯಾವಾಗಿಂದು?”

“ಅಪ್ಪಂದು. ಮದುವ್ಯಾಗ ಕೊಟ್ಟಿದ್ದ. ಅಲ್ಲಿ ಬೇಕಾಗ್ತದವ್ವ ಅಂದಿದ್ದ.”

ನಾನು ಮಣ್ಣು ಝಾಡಿಸಿಕೊಂಡೆ.

ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದಳು. ಮೊದಲು ನಾನು ಕೆಡಿಸಿದ ಬ್ರೇಕನ್ನು ಸರಿ ಮಾಡಿದಳು. ಆಮೇಲೆ ಚಕ್ಕಳಮಕ್ಕಳ ಕೂತು, ರಂಗೋಲಿಯ ಸುಣ್ಣದ ಕಡ್ಡಿಯನ್ನು ಗಾಲಿಯ ಅಂಚಿನ ಹತ್ತಿರ ಅಲುಗದಂತೆ ಹಿಡಿದು ಗಾಲಿಯನ್ನು ನಿಧಾನವಾಗಿ ತಿರುವಿದಳು. ಅಂಚು ಎಲ್ಲಿ ಡೊಂಕಾಗಿ ಹೊರಬಂದಿತ್ತೋ ಅಲ್ಲಿ ಬಿಳಿ ಗೆರೆ ಬಿತ್ತು. ಗೇಣುದ್ದದ ಗೆರೆ, ನನ್ನ ಹೃದ್ರೋಗ ಪೂರ್ತಿ ಅಷ್ಟರಲ್ಲೇ ಇತ್ತು.

“ಎಡಕ್ಕ ಬಂದೈತಿ. ಎಡಗಡಿ ಕಡ್ಡಿ ಒಂಚೂರು ಸಡ್ಲ ಬಿಡಬೇಕು, ಬಲಗಡಿ ಒಂಚೂರು ಬಿಗೀಬೇಕು. ತಾನs ನಡುವಿಗೆ ಬರ್ತದ” ಎಂದಳು. ಬೆರಳಿನಿಂದ ಒಂದೊಂದೇ ಕಡ್ಡಿ ಮೀಟಿದಳು. ಬಿಗಿಯಾದದ್ದು ಟಿಂ ಎಂದಿತು, ಸಡಿಲಾದದ್ದು ಡಬ್ ಎಂದಿತು. ಚಾವಿ ಹಾಕಿ ಕಾಲು ಸುತ್ತು ತಿರುವುವುದು, ಗಾಲಿ ಬಿಟ್ಟು ನೋಡುವುದು. ಮತ್ತೆ ಕಾಲು ಸುತ್ತು. ನನಗೆ ಅಷ್ಟು ತಾಳ್ಮೆ ಇಲ್ಲ; ಇನ್ನೊಂದಿಷ್ಟು ತಿರುವು ಎಂದೆ.

“ಒಮ್ಮೆಲೆ ಬಿಗಿದ್ರ ಈ ಕಡಿ ಸರಿಯಾಗಿ ಆ ಕಡಿ ಕೆಡ್ತದ. ಅಪ್ಪ ಹೊಡೀತಿದ್ದ, ಹಂಗ ಮಾಡಿದ್ರ.”

“ನಿನಗ ಹೊಡೀತಿದ್ರಾ?”

“ಚಾವಿಲೆ ಬೆರಳ ಮ್ಯಾಲ ಟಕ್ ಅಂತ. ಸಾಲಿ ಬಿಟ್ಟ ಕೂಡ್ಲೆ ಅಂಗಡಿಗೇ ಹೋಗ್ತಿದ್ದೆ. ಗಾಲಿ ಎಲ್ಲಾ ನಾನs ಮಾಡ್ತಿದ್ದೆ. ಅಪ್ಪನ ಕಣ್ಣು ಆಗಲೇ ಮಂಜಾಗಿತ್ತು, ಯಾರಿಗೂ ಹೇಳ್ತಿರಲಿಲ್ಲ. ಗಿರಾಕಿ ಬಂದು ಸಂಗಪ್ಪನ ಕೈ ಅಂದ್ರ ಕೈ ಅಂತಿದ್ರು. ನಾ ಹಿಂದ ಕೂತು ನಗ್ತಿದ್ದೆ.” ಅವಳು ಗಾಲಿಯಿಂದ ಕಣ್ಣು ತೆಗೆಯದೆ ಇದನ್ನೆಲ್ಲ ಹೇಳಿದಳು. ಮೂವತ್ತೊಂದು ವರ್ಷದಲ್ಲಿ ನಾನು ಇದನ್ನು ಕೇಳಿರಲಿಲ್ಲ. ಅವಳು ಹೇಳುವ ಹಾಗೆ ನಾನು ಇಟ್ಟೂ ಇರಲಿಲ್ಲ. ಮದುವೆಮನೆಯಲ್ಲಿ ಪಕ್ಕ ಕೂತ ಅಪರಿಚಿತರಿಗೆ ಗಾಲಿಯ ಪಾಠ ಹೇಳುತ್ತಿದ್ದಾಗ ಇವಳು ಎದುರಿನ ಪಂಕ್ತಿಯಲ್ಲಿ ಕೂತು ಕೇಳುತ್ತಿದ್ದಳು ಎಂಬುದು ನೆನಪಾಗಿ ಕಿವಿ ಬಿಸಿಯಾಯಿತು.

ಗಾವಂಡೆ ಕಾಕಾ ಒಡೆದ ಕುಂಡದ ಮಾತು ಮರೆತು ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು. ಅರ್ಧ ತಾಸಿನ ಮೇಲೆ ನೀಲಾ ಗಾಲಿಯನ್ನು ಜೋರಾಗಿ ಬೀಸಿ ಬಿಟ್ಟಳು. ಗಾಲಿ ತಿರುಗಿತು. ನಾವು ಮೂವರೂ ಕಿವಿಗೊಟ್ಟು ಕೂತೆವು. ಏನೂ ಕೇಳಲಿಲ್ಲ. ಅದು ತಿರುಗುತ್ತಲೇ ಇತ್ತು, ಕಾಕಾ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದರೂ ತಿರುಗುತ್ತಿತ್ತು. “ವಹಿನಿ, ಮೇರಾ ಭೀ ಪಿಛಲಾ ಚಾಕ್ ದೇಖೋ ನಾ” ಎಂದು ಹಿಂದಿನ ಗಾಲಿ ತೋರಿಸಲಿಕ್ಕೆ ಅವರು ತಮ್ಮ ಕರಿ ಸೈಕಲ್ಲು ಎಳೆದುಕೊಂಡು ಬಂದರು.

“ಪೆಹಲೇ ಟ್ರಾಯಲ್,” ಎಂದಳು ನೀಲಾ. ನನಗೆ ಕನ್ನಡದಲ್ಲಿ, “ರಿಪೇರಿ ಮಾಡಿದವರು ಒಂದ್ ಸುತ್ತು ಹೊಡದು ನೋಡದs ಗಾಡಿ ಕೊಡಬಾರದು” ಎಂದು ಹೇಳಿ, ಕಾಯಿಪಲ್ಯೆ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿ, ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿದಳು. ಮೊದಲು ಸ್ವಲ್ಪ ತೂರಾಡಿದಳು. ಆಮೇಲೆ ಬೆನ್ನು ನೆಟ್ಟಗಾಯಿತು. ಗೇಟು ದಾಟಿ ಎಡಕ್ಕೆ ತಿರುಗಿದಳು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಔಷಧಿ ಅಂಗಡಿಯ ತನಕ ಹೋಗಿ ನೋಡಿ ಬಂದೆ. ಫೋನು ಹಚ್ಚಿದರೆ ಎತ್ತಲಿಲ್ಲ. ಒಂದು ತಾಸಾಯಿತು. ಮೂರು ದಶಕ ಸೈಕಲ್ಲು ಮುಟ್ಟದ ಹೆಂಗಸು, ನಾಗಪುರದ ರಸ್ತೆ, ಟ್ರಕ್ಕುಗಳು. ಆಗ ನನ್ನ ಎದೆ ಹೊಡೆದುಕೊಂಡದ್ದನ್ನು ಡಾಕ್ಟರು ನಕ್ಷೆ ತೆಗೆದಿದ್ದರೆ ಅವರ ಕಾಗದ ಸಾಲುತ್ತಿರಲಿಲ್ಲ. “ಚಾಕ್ ಬರೋಬರ್ ಹೈ, ಕಾಯಕೋ ಡರತೇ?” ಗಾಲಿ ಸರಿಯಿದೆ, ಯಾಕೆ ಹೆದರುತ್ತೀರಿ ಎಂದು ಕಾಕಾರ ಸಮಾಧಾನ. ಗಾಲಿ ಸರಿಯಿದ್ದದ್ದೇ ನನಗೆ ಹೆದರಿಕೆಯಾಗಿತ್ತು.

ಒಂದೂವರೆ ತಾಸಿನ ಮೇಲೆ ಫೋನು ಬಂತು.

“ಎಲ್ಲಿದ್ದೀ?”

“ಕಳಮನಾದಾಗ.”

ಕಳಮನಾ ಎಂದರೆ ಊರಿನ ಇನ್ನೊಂದು ತುದಿ. ಸುತ್ತಲ ಹಳ್ಳಿಗಳ ಮಾಲೆಲ್ಲ ಬಂದು ಬೀಳುವ ದೊಡ್ಡ ಸಗಟು ಪೇಟೆ. ನಾವು ಅಲ್ಲಿಗೆ ಹೋಗಬೇಕಾದರೆ ಹಿಂದಿನ ದಿನವೇ ಮಾತಾಡಿಕೊಂಡು ಹೋಗುತ್ತೇವೆ.

“ಕಳಮನಾಕ್ಕ ಯಾಕ ಹೋದಿ?”

“ಟ್ರಾಯಲ್ ನೋಡ್ಕೋತ ಹೊಂಟೆ. ಎಲ್ಲೂ ಹತ್ಕೊಳ್ಳಲಿಲ್ಲ.”

“ಸಾಕು ಅನಿಸಿದಾಗ ಬ್ರೇಕ್ ಹಿಡೀಬೇಕಿತ್ತು.”

“ಸಾಕು ಅನಿಸಲಿಲ್ಲ,” ಎಂದಳು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ಈಗ ಕಾಲು ಏಳವಲ್ಲವು. ಸಂತ್ರಿ ಬ್ಯಾರೆ ತಗೊಂಡೀನಿ. ಬರ್ರಿ.”

ಆಟೋ ಹಿಡಿದು ಹೋದೆ. ಪೇಟೆಯ ಬಾಗಿಲಲ್ಲಿ ಉಳ್ಳಾಗಡ್ಡಿ ಚೀಲದ ಮೇಲೆ ಅವಳು ಕಾಲು ಚಾಚಿ ಕೂತಿದ್ದಳು, ಪಕ್ಕದಲ್ಲಿ ಒಂದು ಪುಟ್ಟಿ ಕಿತ್ತಳೆ. ಮುಖವೆಲ್ಲ ಕೆಂಪಾಗಿತ್ತು, ಕೂದಲು ಹಾರಿತ್ತು. ಎದುರಿಗೆ ಒಬ್ಬ ಹಮಾಲ ತನ್ನ ಸೈಕಲ್ಲು ಹಿಡಿದು ನಿಂತಿದ್ದ. ಅದರ ಹಿಂದಿನ ಗಾಲಿ ಯಾಕೆ ಡೊಂಕಾಗಿದೆ, ಎಷ್ಟು ಭಾರ ಹೇರಬಾರದು ಎಂದು ಅವಳು ಬೆರಳು ಮಾಡಿ ತೋರಿಸುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ. ಇಂಥ ಗಮನ ಕೊಟ್ಟು ನನ್ನ ಮಾತನ್ನು ಯಾರೂ ಕೇಳಿದ್ದಿಲ್ಲ.

ಪುಟ್ಟಿಯ ಜೊತೆ ಅವಳನ್ನು ಆಟೋದಲ್ಲಿ ಹತ್ತಿಸಿದೆ. ಸೈಕಲ್ಲಿಗೆ ಒಳಗೆ ಜಾಗವಿರಲಿಲ್ಲ. “ನೀವು ಹೊಡ್ಕೋತ ಬರ್ರಿ, ಡಾಕ್ಟ್ರು ಎಲ್ಲಾ ಸರಿ ಅಂದಾರಲ್ಲ” ಎಂದಳು. ಹೊರಟೆ. ಒಂದು ಮೈಲಿ ಹೋದರೂ ದಮ್ಮು ಇಲ್ಲ, ಸಪ್ಪಳ ಇಲ್ಲ. ಪೆಡಲ ಮೇಲೆ ಕಾಲಿಟ್ಟರೆ ಸಾಕು, ರಸ್ತೆಯೇ ಹಿಂದಕ್ಕೆ ಸರಿಯುತ್ತಿತ್ತು. ಮುಂದೆ ಹೋಗಬೇಕಾದ ಆಟೋ ಮಾತ್ರ ನನ್ನ ಪಕ್ಕದಲ್ಲೇ ಬರುತ್ತಿತ್ತು. ನೀಲಾ ಹೊರಗೆ ತಲೆ ಹಾಕಿ ನನ್ನ ಮುಂದಿನ ಗಾಲಿಯನ್ನೇ ದಿಟ್ಟಿಸುತ್ತಿದ್ದಳು, ಡ್ರೈವರನಿಗೆ “ಭೈಯಾ, ಧೀರೇ, ಸೈಕಲ್ ಕೆ ಬರೋಬರ್ ಚಲೋ” ಎನ್ನುತ್ತಿದ್ದಳು. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು.

ಸಿಗ್ನಲ್ಲಿನಲ್ಲಿ ಇಬ್ಬರೂ ನಿಂತೆವು. ಡ್ರೈವರ್ ನನ್ನನ್ನು ಒಮ್ಮೆ ನೋಡಿ, ಹಿಂದೆ ತಿರುಗಿ, “ಯೇ ಕೌನ್ ಹೈ, ಮಾಂಜಿ?” ಎಂದು ಕೇಳಿದ.

ನೀಲಾ ಕಿತ್ತಳೆ ಸುಲಿಯುತ್ತಿದ್ದಳು. “ಗಿರಾಕ್ ಹೈ,” ಎಂದಳು. “ಹಮಾರಾ ಸೈಕಲ್ ಕಾ ದುಕಾನ್ ಹೈ, ಬೆಟಗೇರಿ ಮೇ.”

“ಅಚ್ಛಾ,” ಎಂದ ಡ್ರೈವರ್, ನನಗೆ ಗೌರವದಿಂದ ಸ್ವಲ್ಪ ಜಾಗ ಬಿಟ್ಟು.

ನೀಲಾ ಒಂದು ತೊಳೆ ಬಿಡಿಸಿ ಆಟೋದೊಳಗಿಂದ ಕೈ ಚಾಚಿದಳು. ಎರಡು ಕೈಯೂ ಹ್ಯಾಂಡಲ್ ಮೇಲಿದ್ದುದರಿಂದ ಬಾಯಿ ತೆರೆದೆ. ಅಷ್ಟರಲ್ಲಿ ಹಸಿರು ದೀಪ ಬಂತು.